ಓದುಗರ ಪ್ರಶ್ನೆ: ವೃಷಭಾವತಿ ಹುಟ್ಟುವುದು ಎಲ್ಲಿ?

ಪ್ರಶ್ನೆ: ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿಯನ್ನು ನಮ್ಮ ಬಡಾವಣೆಯಲ್ಲಿ ಎಲ್ಲರೂ ದೊಡ್ಡ ಮೋರಿ ಎಂದೇ ಕರೆಯುತ್ತಾರೆ. ಇದು ನಿಜವಾಗಿ ನದಿಯೇ? ಮೂಲ ಬಸವನಗುಡಿಯೆಂದು ಕೆಲವರು, ಮಲ್ಲೇಶ್ವರವೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹೊಳೆ ಹುಟ್ಟಿತೆಂಬ ಐತಿಹ್ಯದಿಂದ ವೃಷಭಾವತಿ ಎಂಬ ಹೆಸರು ಬಂದಿದೆ. ಕಾಡು ಮಲ್ಲೇಶ್ವರ ದೇವಸ್ಥಾನದ ಸುತ್ತಲಿನ ಎತ್ತರದ ನೆಲದಿಂದ ಇಳಿಯುವ ಇನ್ನೊಂದು ಕವಲು ಮುಂದೆ ಅದನ್ನು ಕೂಡಿಕೊಳ್ಳುತ್ತದೆ. ಆದರೆ ಇಂಥ ಸಣ್ಣ ಹೊಳೆಗೆ ಒಂದೇ ಮೂಲವನ್ನು ಹುಡುಕುವುದಕ್ಕಿಂತ, ಯಾವ ಯಾವ ನೆಲದ ಮೇಲೆ ಬಿದ್ದ ಮಳೆ ಅದರ ಪಾತ್ರಕ್ಕೆ ಇಳಿಯುತ್ತದೆ ಎಂಬುದನ್ನು, ಅಂದರೆ ಅದರ ಜಲಾನಯನ ಪ್ರದೇಶವನ್ನು ಗುರುತಿಸುವುದು ಹೆಚ್ಚು ಉಪಯುಕ್ತ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಊರಿನ ನಡುವೆಯೇ ಹಾಯುವ ದಿಣ್ಣೆಯೊಂದು ಇಲ್ಲಿನ ಮಳೆನೀರನ್ನು ಎರಡು ಪಾಲು ಮಾಡುತ್ತದೆ. ಪೂರ್ವದ ಇಳಿಜಾರಿನ ನೀರು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರಿ, ತಮಿಳುನಾಡಿನ ಕಡಲೂರಿನ ಬಳಿ ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಕನಕಪುರದಿಂದಾಚೆ ಸಂಗಮದಲ್ಲಿ ಕಾವೇರಿಯನ್ನೂ ಮುಟ್ಟುತ್ತದೆ. ಲಾಲ್‌ಬಾಗ್ ಕೆರೆಗೂ ಗವಿಪುರದ ಕೆಂಪಾಂಬುಧಿ ಕೆರೆಗೂ ನಡುವೆ ಇರುವುದು ನಡೆದುಹೋಗುವಷ್ಟು ದೂರ. ಹಾಗಿದ್ದರೂ ಮೊದಲನೆಯದರ ಕೋಡಿ ನೀರಿನ ದಾರಿ ಪಿನಾಕಿನಿಯ ಕಡೆಗೆ, ಎರಡನೆಯದರದು ಕಾವೇರಿಯ ಕಡೆಗೆ.

ತನ್ನದೇ ಕಣಿವೆ, ತನ್ನದೇ ಕವಲುಗಳು, ತನ್ನದೇ ಜಲಾನಯನ ಪ್ರದೇಶ ಇರುವ ಹರಿವನ್ನು ನದಿ ಎನ್ನದೆ ಬೇರೇನೂ ಎನ್ನಲಾಗದು. ಮೋರಿಯಂತೆ ಕಾಣುವುದಕ್ಕೆ ಕಾರಣ ಅದರ ಮೇಲ್ಭಾಗದಲ್ಲಿ ಆದ ಬದಲಾವಣೆ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಒಂದು ಕೋಟಿ ಲೀಟರ್ ನೀರಾಗುತ್ತದೆ. ಮಣ್ಣಿನ ನೆಲ ಅದರಲ್ಲಿ ಬಹುಪಾಲನ್ನು ಹೀರಿಕೊಂಡು ನಿಧಾನವಾಗಿ ಒಸರಿಸುತ್ತಿತ್ತು, ಉಳಿದದ್ದನ್ನು ಕೆರೆಗಳು ತಡೆದು ನಿಲ್ಲಿಸುತ್ತಿದ್ದವು. ಈಗ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ಬಿದ್ದ ಮಳೆ ಕೂಡಲೇ ರಾಜಕಾಲುವೆಗೆ ನುಗ್ಗುತ್ತದೆ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಆದ್ದರಿಂದ ಮಳೆ ಬಂದ ದಿನ ಪ್ರವಾಹ, ಬೇಸಿಗೆಯಲ್ಲಿ ಬಹುಪಾಲು ಕೊಳಚೆ. ಆ ಬೇಸಿಗೆಯ ಹರಿವಿನಲ್ಲಿ ಹೆಚ್ಚಿನದು, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದು ಮನೆಗಳಲ್ಲಿ ಬಳಸಿದ ಕಾವೇರಿ ನೀರೇ ಆಗಿದ್ದು, ಅರ್ಕಾವತಿಯ ದಾರಿಯಲ್ಲಿ ಮತ್ತೆ ಕಾವೇರಿಯ ಕಡೆಗೆ ಹೊರಟಿರುತ್ತದೆ ಎಂಬುದನ್ನು ನಾವು ಗಮನಿಸುವುದೇ ಕಡಿಮೆ.

ಪ್ರಶ್ನೆ: ಹಾಗಾದರೆ ಈ ನೀರು ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಸೇರುತ್ತದೆಯೇ?

ಉತ್ತರ: ಇಲ್ಲ. ಆ ಜಲಾಶಯವಿರುವುದು ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ; ವೃಷಭಾವತಿ ಅರ್ಕಾವತಿಯನ್ನು ಸೇರುವುದು ಅಲ್ಲಿಂದ ಬಹಳ ಕೆಳಗೆ. ಅದಕ್ಕೂ ಮೊದಲು ಅದರ ನೀರು ಬಿಡದಿ ಸಮೀಪದ ಭೈರಮಂಗಲ ಕೆರೆಯಲ್ಲಿ ನಿಲ್ಲುತ್ತದೆ. ಬೇಸಾಯಕ್ಕೆಂದೇ ಕಟ್ಟಿದ ಕೆರೆ ಅದು. ನೀರು ಕೆಟ್ಟ ಮೇಲೆ ಅದರ ಅಚ್ಚುಕಟ್ಟಿನ ಅನೇಕ ರೈತರು ಭತ್ತವನ್ನು ಬಿಟ್ಟು ಮೇವಿನ ಹುಲ್ಲಿನಂಥ ಬೆಳೆಗಳಿಗೆ ಹೊರಳಿದ್ದಾರೆ.