ಓದುಗರ ಪ್ರಶ್ನೆ: ಪಲ್ಲವಿ ಸಲೀಸು, ಚರಣ ಕಷ್ಟ

ಪ್ರಶ್ನೆ: 1955-75ರ ಹಿಂದಿ ಪ್ರೇಮಚಿತ್ರಗಳ ಕಥೆಯನ್ನು ಅರ್ಧ ಗಂಟೆಯಲ್ಲೇ ಊಹಿಸಬಹುದು. ಹಾಡುಗಳು ಮಾತ್ರ ಇಂದಿಗೂ ಬಾಯಲ್ಲಿವೆ. ಒಂದೇ ಸಿನಿಮಾದಲ್ಲಿ ಇಷ್ಟು ಅಂತರ ಹೇಗೆ?
– ಓದುಗರು, ಮಂಡ್ಯ

ಉತ್ತರ: ಹಾಡುಗಳಿಗೆ ಜಾಗ ಮಾಡಿಕೊಡುವುದೇ ಆ ಕಥೆಗಳ ಮುಖ್ಯ ಕೆಲಸವಾಗಿತ್ತು. ಗಿರಿಧಾಮದಲ್ಲಿ ನಾಯಕ ಹುಡುಗಿಯನ್ನು ರೇಗಿಸಬೇಕು, ಒಂದು ಹಾಡು. ಅವಳು ಒಪ್ಪಿದ ಮೇಲೆ ತೋಟದಲ್ಲಿ ಯುಗಳಗೀತೆ (ಕನ್ನಂಬಾಡಿಯ ಬೃಂದಾವನದ ಕಾರಂಜಿಗಳೂ ಇದಕ್ಕೆ ಒದಗಿವೆ). ಇಂಟರ್‌ವಲ್ ಹೊತ್ತಿಗೆ ಅಂತಸ್ತಿನ ಜಗಳವೋ ತಪ್ಪು ತಿಳಿವಳಿಕೆಯೋ ಬರಬೇಕು. ಇಲ್ಲದಿದ್ದರೆ ಅವಳ ನಿಶ್ಚಿತಾರ್ಥದ ಪಾರ್ಟಿಯಲ್ಲಿ ನಾಯಕ ಪಿಯಾನೊ ಮುಂದೆ ಕೂತು ಗೋಳು ಹಾಡುವುದೆಂತು? ತುಂಬಿದ ಸಭೆಯಲ್ಲಿ ಅದರ ಅರ್ಥ ಆಗುವುದು ಅವಳೊಬ್ಬಳಿಗೇ! ಮೊದಲಲ್ಲಿ ನಗುತ್ತಾ ಹಾಡಿದ್ದೇ ಕೊನೆಯಲ್ಲಿ ನಿಧಾನ ಲಯದಲ್ಲಿ ಅಳುತ್ತಾ ಮರಳುವುದೂ ಉಂಟು. ಕಥೆಯನ್ನು ಬೇರೆ ದಾರಿಗೆ ತಿರುಗಿಸಿದರೆ ಈ ಜಾಗಗಳೇ ಕೈತಪ್ಪುತ್ತವೆ.

ಸಂಗೀತದವರ ಬಿಗಿ ಬೇರೆಯದು. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರೂವರೆ ನಿಮಿಷ. ಪಲ್ಲವಿ, ಎರಡು-ಮೂರು ಚರಣ, ನಡುವಿನ ವಾದ್ಯಸಂಗೀತ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಪರದೆಯ ಮೇಲಿದ್ದ ಒಂದು ಚರಣ ಎಷ್ಟೋ ಸಲ ರೆಕಾರ್ಡಿನಲ್ಲಿ ಕಾಣೆಯಾಗುವುದು ಇದರಿಂದಲೇ. ಸಾಮಾನ್ಯವಾಗಿ ಧಾಟಿ ಮೊದಲು, ಸಾಹಿತ್ಯ ಆಮೇಲೆ. ಸಂಗೀತ ನಿರ್ದೇಶಕರ ಜೋಡಿ ಶಂಕರ್–ಜೈಕಿಶನ್ ಧಾಟಿಗೆ ಗೋವಾ ಮೂಲದ ಸೆಬಾಸ್ಟಿಯನ್ ಡಿಸೋಜಾ ಪಿಟೀಲುಗಳ ಸಾಲಿಗೆ ನೊಟೇಷನ್ ಬರೆಯುತ್ತಿದ್ದರು. ಆ ಪಿಟೀಲಿನ ಭಾಗವನ್ನು ನಾವು ಹಾಡಿನಷ್ಟೇ ಗುನುಗುತ್ತೇವೆ.

ಇನ್ನೊಂದು ಕಾರಣ ರೇಡಿಯೊ. 1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ಹೆಚ್ಚುಕಡಿಮೆ ಕೈಬಿಟ್ಟಾಗ ಕೇಳುಗರು ಶ್ರೀಲಂಕಾದ ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ಆಕಾಶವಾಣಿಯದೇ ವಿವಿಧ ಭಾರತಿ ಬಂತು. ಹೀಗೆ ಹಾಡು ಕಥೆಯ ಹಂಗಿಲ್ಲದೆ, ಹಿಂದಿ ಬಾರದವರ ಮನೆಗೂ ತಲುಪಿತು.

ಪ್ರಶ್ನೆ: ಗಣೇಶೋತ್ಸವದಲ್ಲಿ ಕರೋಕೆ (ಗಾಯನವಿಲ್ಲದ ವಾದ್ಯಸಂಗೀತದ ಟ್ರ್ಯಾಕ್) ಇಟ್ಟುಕೊಂಡು ರಫಿ ಹಾಡು ಹಾಡುತ್ತೇನೆ. ಪಲ್ಲವಿ ಚೆನ್ನಾಗಿ ಬರುತ್ತದೆ, ಚರಣದಲ್ಲಿ ಗಂಟಲು ಕಟ್ಟುತ್ತದೆ. ಏನು ಮಾಡಲಿ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಪಲ್ಲವಿ ಹಾಡಿ ನೋಡಿ ಶ್ರುತಿ ಆರಿಸಿದ್ದೀರಿ. ಈ ಹಾಡುಗಳಲ್ಲಿ ಪಲ್ಲವಿ ಸಾಮಾನ್ಯವಾಗಿ ಮಧ್ಯಸ್ಥಾಯಿಯಲ್ಲಿ ಓಡಾಡುತ್ತದೆ, ಚರಣ ತಾರಷಡ್ಜ (ಮೇಲಿನ ‘ಸ’) ದಾಟುತ್ತದೆ. ಮೊದಲು ಚರಣದ ಅತಿ ಎತ್ತರದ ಸಾಲನ್ನು ಹಾಡಿ. ಅದು ಕಿರುಚದೆ ಬರುವಷ್ಟು, ಒಂದೊಂದೇ ಅರ್ಧಸ್ವರದಂತೆ (ಹಾರ್ಮೋನಿಯಂನ ಪಕ್ಕದ ಒಂದು ಮನೆ, ಕಪ್ಪು-ಬಿಳಿ ಎರಡೂ ಸೇರಿ) ಟ್ರ್ಯಾಕ್ ಇಳಿಸಿ. ಗಂಡಸರಿಗೆ ಎರಡು-ಮೂರು ಅರ್ಧಸ್ವರ ಬಹುಪಾಲು ಸಾಕು. ಐದಾರು ಇಳಿಸಿದರೆ ಪಲ್ಲವಿಯ ಕೆಳಗಿನ ಸ್ವರ ಮೈಕಿಗೆ ಹತ್ತುವುದಿಲ್ಲ, ಪಿಟೀಲುಗಳ ನಾದವೂ ಕೆಡುತ್ತದೆ. ಯುಗಳಗೀತೆಯಾದರೆ ಜೊತೆಗೆ ಹಾಡುವವರನ್ನು ಕೇಳದೆ ಇಳಿಸಬೇಡಿ, ಪಾಪ, ಅವರ ಸಾಲು ತೀರಾ ಕೆಳಗೆ ಹೋಗುತ್ತದೆ.

ಇನ್ನು ಚರಣವನ್ನು ಎತ್ತಿಕೊಳ್ಳುವ ಜಾಗ. ಎರಡು ಚರಣಗಳ ಮುಂಚಿನ ವಾದ್ಯಸಂಗೀತ ಎಷ್ಟೋ ಹಾಡುಗಳಲ್ಲಿ ಒಂದೇ ಉದ್ದವಿರುವುದಿಲ್ಲ. ಎರಡನೆಯದರಲ್ಲಿ ಬೇಗ ಎತ್ತಿಕೊಂಡು ಎಡವುವವರೇ ಹೆಚ್ಚು. ತಾಳ ಕೆಹರ್ವಾ ಆದರೆ 8, ದಾದ್ರಾ ಆದರೆ 6 ಮಾತ್ರೆಯ (ಎಣಿಕೆಯ) ಆವರ್ತ, ಅಂದರೆ ತಾಳದ ಒಂದು ಸುತ್ತು. ಎಷ್ಟು ಆವರ್ತ ಬಂತೆಂದು ಬೆರಳಲ್ಲಿ ಎಣಿಸಿ, ಸಾಹಿತ್ಯದ ಹಾಳೆಯಲ್ಲಿ ಆ ಅಂಕಿ ಬರೆದಿಟ್ಟುಕೊಳ್ಳಿ.