17 ವರ್ಷದ ಹುಡುಗ ಸಹಿ ಮಾಡಿದ ಬಾಂಡ್ ಪೇಪರ್ ಇದೆ, ಕೋರ್ಟಿಗೆ ಹೋದರೆ ಬಾಕಿ ಹಣ ಬರುತ್ತಾ?

ಆ ಪೇಪರ್ ನಂಬಿಕೊಂಡು ಹೋದರೆ ಬರಲ್ಲ. ನೀವು ಕ್ಯಾಮೆರಾ ಕಂತಿನ ಮೇಲೆ ಕೊಟ್ಟಿದ್ದೀರಿ, ನಾನು ಹಸು ಕೊಟ್ಟಿದ್ದೆ. ನಿಮ್ಮ ಹುಡುಗ 19 ಅಂದ, ನನ್ನ ಹತ್ರ ಬಂದವನು 20 ಅಂದಿದ್ದ. ಅಷ್ಟೇ ವ್ಯತ್ಯಾಸ.

ನಮ್ಮದು ಮಂಡ್ಯ ಕಡೆ. ಎರಡನೇ ಸೂಲಿನ ಎಚ್‌ಎಫ್ ಹಸು, ಹೊತ್ತಿಗೆ ಎಂಟು ಲೀಟರ್ ಹಾಲು. 62 ಸಾವಿರಕ್ಕೆ ಮಾತಾಯಿತು. 20 ಸಾವಿರ ಕೈಗೆ ಕೊಟ್ಟ, ಉಳಿದದ್ದು ಡೈರಿ ಬಟವಾಡೆ ಬಂದ ಹಾಗೆಲ್ಲ ಕೊಡ್ತೀನಿ ಅಂದ. ಅಪ್ಪ ಇಲ್ಲದ ಮನೆ, ದುಡಿಯುವ ಹುಡುಗ. ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ, ಹಸು ಬಿಟ್ಟುಕೊಟ್ಟೆ. ಎರಡು ಬಟವಾಡೆಗೆ ಎರಡೆರಡು ಸಾವಿರ ಬಂತು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ವಕೀಲರ ಹತ್ರ ಹೋದೆ. ಅವರು ಬಾಂಡ್ ಪೇಪರ್ ನೋಡಲೇ ಇಲ್ಲ, ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಗುತ್ತಾ ಅಂತ ಕೇಳಿದರು. ಸಹಿ ಹಾಕಿದ ದಿನ ಅವನಿಗೆ 17 ವರ್ಷ 5 ತಿಂಗಳು. 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ 18 ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. 1903ರಲ್ಲಿ ಮೋಹರಿ ಬೀಬಿ ಕೇಸಿನಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟಾದ ಪ್ರಿವಿ ಕೌನ್ಸಿಲ್ ಇದನ್ನು ಗಟ್ಟಿ ಮಾಡಿತು. ಕಲ್ಕತ್ತಾದ ಒಬ್ಬ ಹುಡುಗ 20 ಸಾವಿರದ ಸಾಲಕ್ಕೆ ಆಸ್ತಿ ಅಡವಿಟ್ಟಿದ್ದ. ಆ ಅಡಮಾನ ಮೊದಲ ದಿನದಿಂದಲೇ ಇಲ್ಲದ ಹಾಗೆ ಅಂತ ತೀರ್ಪಾಯಿತು. ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದ ಅಂತ ತೋರಿಸಿದರೂ ಕರಾರಿಗೆ ಜೀವ ಬರಲ್ಲ. 18 ಆದ ಮೇಲೆ ಅದೇ ಬಾಕಿಗೆ ಇನ್ನೊಂದು ಸಹಿ ಹಾಕಿಸಿಕೊಳ್ಳೋಣ ಅಂತ ನನಗೂ ಹೊಳೆದಿತ್ತು, ನೀವೂ ಕೇಳಿದ್ದೀರಿ. ಹಳೆಯದನ್ನು ಹಾಗೆ ಊರ್ಜಿತ ಮಾಡೋಕಾಗಲ್ಲ.

ನಾನು ತಪ್ಪಿದ್ದು ಎಲ್ಲಿ ಅಂತ ಹೇಳ್ತೀನಿ, ಇದನ್ನು ಸರಿಯಾಗಿ ಓದಿ. ಕಾಗದ ಬರೆದದ್ದು ಅವರ ಮನೆ ಜಗಲಿಯಲ್ಲೇ. ಅವನ ತಾಯಿ ನಮಗೆಲ್ಲ ಕಾಫಿ ತಂದುಕೊಟ್ಟರು, ಲೋಟ ಇಟ್ಟು ಬಾಗಿಲ ಹತ್ರ ನಿಂತರು. ಬಾಗಿಲ ಪಕ್ಕದ ಮೊಳೆಗೆ ಡೈರಿಯ ಹಾಲಿನ ಕಾರ್ಡ್ ನೇತುಹಾಕಿತ್ತು. ಅದರ ಮೇಲೆ ಇದ್ದದ್ದು ಆ ತಾಯಿಯ ಹೆಸರು. ಹಾಲು ಹಾಕುವವನು ಮಗ, ಸಂಘದ ಸದಸ್ಯೆ ತಾಯಿ. ಯಾಕೆ ಹೀಗೆ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕರಾರಿಗೆ ಅರ್ಹತೆ ಇಲ್ಲದವರನ್ನು ಸಹಕಾರ ಸಂಘ ಸದಸ್ಯರನ್ನಾಗಿ ಸೇರಿಸಿಕೊಳ್ಳಲ್ಲ. ಆ ಕಾರ್ಡಿನಲ್ಲೇ ಉತ್ತರ ಇತ್ತು. ನಾನು ಅವನ ಮೀಸೆ, ಮೈಕಟ್ಟು ನೋಡಿದೆ, ಆಧಾರ್ ಕೇಳಲಿಲ್ಲ. ಬರೀ ತಾಯಿಯ ಜಾಮೀನು ಹಾಕಿಸಿಕೊಂಡಿದ್ದರೂ ತಕರಾರು ಉಳಿಯುತ್ತಿತ್ತು, ಯಾಕೆಂದರೆ ಮೂಲ ಸಾಲವೇ ನಿಲ್ಲದ ಮೇಲೆ ಜಾಮೀನು ನಿಲ್ಲುತ್ತಾ ಅನ್ನುವ ವಾದ ಏಳುತ್ತೆ. ಹಸು ಕೊಂಡವರೇ ತಾಯಿ, ಹಣ ಕೊಡಬೇಕಾದವರೂ ತಾಯಿ ಅಂತ ಅವರ ಸ್ವಂತ ಹೆಸರಿನಲ್ಲಿ ಬರೆಸಬೇಕಿತ್ತು. ಅವರು ನಾಲ್ಕಡಿ ದೂರದಲ್ಲಿದ್ದರು. ಕೇಳಿದ್ದರೆ ಸಹಿ ಹಾಕುತ್ತಿದ್ದರು, ನನಗೆ ಅನುಮಾನವೇ ಇಲ್ಲ.

ಅದೇ ಕರಾರು ಕಾಯ್ದೆಯ 68ನೇ ಕಲಂ ಹಿಡಿದು ವಸೂಲಿ ಮಾಡಬಹುದು ಅಂತ ಯಾರೋ ನಿಮಗೆ ಹೇಳಿದ್ದಾರೆ. ಅದು ಊಟ, ಬಟ್ಟೆ, ಓದು, ಔಷಧಿಯಂಥ ಅಗತ್ಯಗಳಿಗೆ. ಅದರಲ್ಲೂ ಹುಡುಗನ ಆಸ್ತಿಯಿಂದ ವಸೂಲಿ ಆಗಬೇಕು, ಹುಡುಗನ ಮೇಲೆ ಹೊಣೆ ಬರಲ್ಲ. ಮದುವೆ ಫೋಟೋ ತೆಗೆಯುವ ಕ್ಯಾಮೆರಾವನ್ನು ಅದರಲ್ಲಿ ಸೇರಿಸೋದು ಕಷ್ಟ.

ಪೊಲೀಸ್ ಕಂಪ್ಲೇಂಟ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. 17ರ ಹುಡುಗನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಿದರೆ ನಿಮ್ಮ ಕಂತು ಬರಲ್ಲ. ಅವನಿಗೆ ರಕ್ಷಣೆ ಕೊಟ್ಟ ಕಾನೂನು ಕೆಟ್ಟದ್ದು ಅಂತಲೂ ನನಗೆ ಅನ್ನಿಸಲ್ಲ. ನನ್ನ ಮಗಳಿಗೆ ಈಗ 16. ಅವಳ ಹತ್ರ ಯಾರಾದರೂ ಹೀಗೆ ಸಹಿ ಹಾಕಿಸಿಕೊಂಡರೆ ನಾನೂ ಇದೇ ಕಾನೂನು ಹಿಡಿದು ನಿಲ್ತೀನಿ.

ಅದಕ್ಕೇ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಕ್ಯಾಮೆರಾ ಈಗ ಎಲ್ಲಿದೆ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ ಪ್ರಕಾರ, ಅಪ್ರಾಪ್ತನಿಗೆ ಎಷ್ಟು ಲಾಭ ಆಗಿದೆಯೋ ಅಷ್ಟನ್ನು ವಾಪಸ್ ಕೊಡಿಸಲು ಕೋರ್ಟಿಗೆ ಅವಕಾಶ ಇದೆ. ವಸ್ತು ಅವನ ಹತ್ರಾನೇ ಇದ್ದರೆ ನಿಮಗೆ ದಾರಿ ಇದೆ. ಮಾರಿ ಖರ್ಚು ಮಾಡಿಬಿಟ್ಟರೆ ಬಹಳ ಕಷ್ಟ. ನಾನು ನೋಟಿಸು, ಉತ್ತರ ಅಂತ ಆರು ತಿಂಗಳು ಕಳೆದೆ. ಅಷ್ಟರಲ್ಲಿ ತಾಯಿಯ ಆಪರೇಷನ್ನಿಗೆ ಅಂತ ಹುಡುಗ ಹಸುವನ್ನು ಸಂತೆಯಲ್ಲಿ ಮಾರಿದ್ದ. ನಾನು ಹೋದಾಗ ಕೊಟ್ಟಿಗೆಯಲ್ಲಿ ಖಾಲಿ ಗೂಟ, ಅರ್ಧ ಚೀಲ ಬೂಸಾ ಇತ್ತು. ಹೋದ ವರ್ಷ ಆ ತಾಯಿಯೇ ಬಂದು ಎಂಟು ಸಾವಿರ ಕೊಟ್ಟು ಹೋದರು. ಮಿಕ್ಕ 30 ಸಾವಿರ ಹೋಯಿತು.

ನೋಟಿಸು ಕಳಿಸುವ ಮೊದಲು ಈ ಭಾನುವಾರ ಅವರ ಮನೆಗೆ ಹೋಗಿ. ಹುಡುಗನ ಹತ್ರ ಅಲ್ಲ, ಅವನ ಅಪ್ಪನ ಹತ್ರ ಕೂತು ಮಾತಾಡಿ. ಕ್ಯಾಮೆರಾ ವಾಪಸ್ ತಗೊಂಡು, ಬಳಸಿದ್ದಕ್ಕೆ ಎಷ್ಟು ಅಂತ ಹೊಂದಿಸಿಕೊಂಡು, ಅವನು ಕಟ್ಟಿದ್ದರಲ್ಲಿ ಮಿಕ್ಕ ಹಣ ವಾಪಸ್ ಕೊಟ್ಟುಬಿಡಿ. ಅವರಿಗೆ ಕ್ಯಾಮೆರಾ ಬೇಕೇ ಬೇಕು ಅಂದರೆ ಅಪ್ಪನ ಹೆಸರಿಗೆ ಹೊಸದಾಗಿ ಮಾರಿ, ಹೊಸ ಕಾಗದ ಬರೆಸಿ. ಆಧಾರ್ ಪ್ರತಿ ಜೊತೆಗಿರಲಿ.