ನನಗೆ ಸೀಟು ಸಿಗುವ ಚಾನ್ಸ್ ಎಷ್ಟು?

ಕಾಲೇಜು ಅರ್ಜಿಗೆ ಸಲಹೆ ಕೇಳಿ ನನ್ನ ಹತ್ತಿರ ಬಂದ ಹುಡುಗಿಯ ಪ್ರಶ್ನೆ ಇದು. ವಯಸ್ಸು 17. ಹನ್ನೆರಡನೇ ತರಗತಿ. ಶಾಲೆಗೆ ಮೊದಲಿಗಳು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1540. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳು ತಂದ ಪಟ್ಟಿಯಲ್ಲಿ 12 ಹೆಸರುಗಳಿದ್ದವು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂಐಟಿ, ಪ್ರಿನ್ಸ್‌ಟನ್, ಯೇಲ್, ಹೀಗೆ. ಕೊನೆಯಲ್ಲಿ 'ಸೇಫ್' (ಖಂಡಿತ ಸಿಗುತ್ತದೆ) ಅಂತ ಬರ್ಕ್ಲಿ. ಪ್ರತಿ ಹೆಸರಿನ ಮುಂದೆ, ಸೀಟು ಸಿಗುವ ಸಾಧ್ಯತೆ ಶೇಕಡಾ ಎಷ್ಟು ಅನ್ನುವ ಅಂಕಿ. ಅಂಕ ತುಂಬಿದರೆ ಚಾನ್ಸ್ ಹೇಳುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಕೊಟ್ಟದ್ದು. ಒಂದೇ ಕಾಲೇಜಿಗೆ ಒಂದು ಕ್ಯಾಲ್ಕುಲೇಟರ್ 23 ಅಂದಿದೆ, ಇನ್ನೊಂದು 9 ಅಂದಿದೆ. ಯಾವುದನ್ನು ನಂಬಬೇಕು ಅಂತ ಗೊತ್ತಾಗದೆ ಹುಡುಗಿ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ.

"ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ ಮೇಡಂ. ಸಿಗತ್ತಾ, ಇಲ್ವಾ?" ಅಂದರು ಅವಳ ತಂದೆ.

ಒಬ್ಬ ವಿದ್ಯಾರ್ಥಿಗೆ ಇಷ್ಟೇ ಶೇಕಡಾ ಅಂತ ನಾನು ಹೇಳಲಾರೆ, ಆ ಕ್ಯಾಲ್ಕುಲೇಟರ್ ಕೂಡ ಹೇಳಲಾರದು ಅಂದೆ. ಅದಕ್ಕೆ ಗೊತ್ತಿರುವುದು ಅಂಕ ಮಾತ್ರ. ಶಿಕ್ಷಕರು ಬರೆಯುವ ಪತ್ರವನ್ನಾಗಲಿ ಪ್ರಬಂಧವನ್ನಾಗಲಿ ಅದು ಓದಿಲ್ಲ. ಆ ವರ್ಷ ಜೊತೆಗೆ ಅರ್ಜಿ ಹಾಕುವವರು ಯಾರ‍್ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಆದರೆ ಅರ್ಜಿ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತೆಳುವಾಗಿದೆ, ಯಾವ ಕಾಲೇಜು ಇವಳಿಗೆ ನಿಜಕ್ಕೂ ಸಾಧ್ಯ ಅನ್ನುವುದನ್ನು ಕೂತು ನೋಡಬಹುದು. ಅದನ್ನೇ ಮಾಡಿದೆವು.

ಮೊದಲು ಅಂಕ. ಹಾರ್ವರ್ಡ್‌ಗೆ ಸೇರುವವರಲ್ಲಿ ನಡುವಿನ ಅರ್ಧದಷ್ಟು ಮಂದಿಯ ಎಸ್‌ಎಟಿ ಅಂಕ ಸುಮಾರು 1500ರಿಂದ 1580ರೊಳಗೆ ಇರುತ್ತದೆ. ಇಂಥ ಲೆಕ್ಕವನ್ನು ಬಹುತೇಕ ಕಾಲೇಜುಗಳು 'ಕಾಮನ್ ಡೇಟಾ ಸೆಟ್' ಅನ್ನುವ ಕಡತದಲ್ಲಿ ಪ್ರತಿ ವರ್ಷ ಪ್ರಕಟಿಸುತ್ತವೆ. ಪ್ರವೇಶದಲ್ಲಿ ಯಾವ ಅಂಶಕ್ಕೆ ಎಷ್ಟು ಮಹತ್ವ ಅಂತಲೂ ಅದರಲ್ಲಿ ಇರುತ್ತದೆ. ಕ್ಯಾಲ್ಕುಲೇಟರ್ ಬಿಟ್ಟು ಇದನ್ನು ಓದು ಅಂತ ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ. 1540 ಅಂದರೆ ನಡುವಿನಲ್ಲೇ ಇದ್ದಾಳೆ. ಅಂಕ ಅವಳನ್ನು ಕೆಳಗೆ ಎಳೆಯುವುದಿಲ್ಲ, ಮೇಲಕ್ಕೂ ಎತ್ತುವುದಿಲ್ಲ. 1580 ಮಾಡಲು ಮತ್ತೆ ಮೂರು ತಿಂಗಳು ಕೋಚಿಂಗ್‌ಗೆ ಹೋಗಲಾ ಅಂತ ಕೇಳಿದಳು. ಬೇಡ ಅಂದೆ. ಆ ಮೂರು ತಿಂಗಳಿಗೆ ಬೇರೆ ಕೆಲಸ ಇತ್ತು.

ಶಾಲೆಗೆ ಮೊದಲಿಗಳು ಅನ್ನುವುದರ ತೂಕವೂ ತಿಳಿದಿರಬೇಕು. ಹಾರ್ವರ್ಡ್ ಪ್ರವೇಶ ನೀತಿಯ ಮೇಲೆ ನಡೆದ ಮೊಕದ್ದಮೆಯಲ್ಲಿ ಹೊರಬಂದ ಒಂದು ಲೆಕ್ಕ ಇದೆ. 2015ರಲ್ಲಿ ಸೇರಬೇಕಿದ್ದ ತಂಡಕ್ಕೆ ಅರ್ಜಿ ಹಾಕಿದವರಲ್ಲಿ 8,000ಕ್ಕೂ ಹೆಚ್ಚು ಮಂದಿಗೆ ಶಾಲೆಯಲ್ಲಿ ಪೂರ್ಣ ಅಂಕ ಬಂದಿತ್ತು. ಇದ್ದದ್ದು 2,000ಕ್ಕಿಂತ ಕಡಿಮೆ ಸೀಟು. 2024ರಲ್ಲಿ ಅಲ್ಲಿಗೆ ಬಂದ ಅರ್ಜಿ 54,008, ಪ್ರವೇಶ ಸಿಕ್ಕಿದ್ದು 1,937 ಮಂದಿಗೆ. ಇದು ಎಲ್ಲರನ್ನೂ ಸೇರಿಸಿದ ಲೆಕ್ಕ. ಹೊರದೇಶದವರಿಗೆ ದಾರಿ ಇನ್ನೂ ಕಿರಿದು. ಎಂಐಟಿ ಹೊರದೇಶದವರ ಲೆಕ್ಕವನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಅದರಲ್ಲಿ ಹೊರದೇಶದ ಅರ್ಜಿದಾರರಿಗೆ ಸಿಗುವ ಪ್ರಮಾಣ ಒಟ್ಟು ಪ್ರಮಾಣಕ್ಕಿಂತ ಸಾಕಷ್ಟು ಕಡಿಮೆ.

ಅವಳು ಗಣಿತದ ಹುಡುಗಿ. ತಕ್ಷಣ ಪೆನ್ನು ತೆಗೆದಳು. "ಒಂದೊಂದರಲ್ಲಿ ಶೇಕಡಾ 5 ಅಂತಿಟ್ಟುಕೊಳ್ಳಿ ಮೇಡಂ. 12 ಕಡೆ ಹಾಕಿದರೆ ಎಲ್ಲೂ ಸಿಗದೆ ಇರುವ ಸಾಧ್ಯತೆ ಶೇಕಡಾ 54. ಅಂದರೆ ಒಂದಾದರೂ ಸಿಗುವ ಸಾಧ್ಯತೆ 46 ಇದೆ ಅಲ್ವಾ?" ಗುಣಾಕಾರ ಸರಿ ಇತ್ತು. ಆದರೆ ಒಂದರ ಫಲಿತಾಂಶಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದಾಗ ಮಾತ್ರ ಆ ಲೆಕ್ಕ ನಡೆಯುತ್ತದೆ. ಇಲ್ಲಿ ಬಹುತೇಕ ಕಡೆಗೆ ಹೋಗುವುದು ಅದೇ ಅಂಕ, ಅದೇ ಪತ್ರ, ಅದೇ ಮುಖ್ಯ ಪ್ರಬಂಧ. ಒಂದು ಕಡೆ ಸಪ್ಪೆ ಅನಿಸಿದ ಅರ್ಜಿ ಉಳಿದ ಕಡೆಯೂ ಸಪ್ಪೆ ಅನಿಸುವುದೇ ಹೆಚ್ಚು. ಕಾಲೇಜುಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ಚಾನ್ಸ್ ಹಾಗೆ ಏರುವುದಿಲ್ಲ. ಇದನ್ನು ಅವಳು ನನಗಿಂತ ಬೇಗ ಒಪ್ಪಿಕೊಂಡು ಹಾಳೆ ಮಡಚಿದಳು.

ತಂದೆಯ ಹತ್ತಿರ ಹಣದ ಮಾತು ಬಿಚ್ಚಿ ಆಡಬೇಕಾಯಿತು. ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಖರ್ಚು 80,000 ಡಾಲರ್ ದಾಟುತ್ತದೆ. ಈ ಮನೆಯವರಿಗೆ ಅದರ ಕಾಲು ಭಾಗವೂ ಕಷ್ಟ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಹೊರದೇಶದ ವಿದ್ಯಾರ್ಥಿಗೂ ಪ್ರವೇಶ ನಿರ್ಧರಿಸುವಾಗ ಹಣದ ಅಗತ್ಯವನ್ನು ನೋಡುವುದಿಲ್ಲ. ಆಯ್ಕೆಯಾದವರಿಗೆ ಬೇಕಾದಷ್ಟು ನೆರವು ಕೊಡುತ್ತವೆ. ಸ್ಟ್ಯಾನ್‌ಫರ್ಡ್ ಹಾಗಲ್ಲ. ಹೊರದೇಶದವರು ನೆರವು ಕೇಳಿದರೆ ಅದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. 'ಸೇಫ್' ಅಂದುಕೊಂಡಿದ್ದ ಬರ್ಕ್ಲಿ ಅಗತ್ಯ ನೋಡಿ ಹೊರದೇಶದವರಿಗೆ ನೆರವು ಕೊಡುವುದೇ ಇಲ್ಲ. ಅದರ ಮೇಲೆ, ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನೇ ನೋಡುವುದಿಲ್ಲ. ಅವಳ 1540ಕ್ಕೆ ಅಲ್ಲಿ ಬೆಲೆಯೇ ಇಲ್ಲ. ಸೀಟು ಸಿಕ್ಕಿದರೂ ಸೇರಲು ಆಗದ ಕಾಲೇಜು ಸೇಫ್ ಹೇಗಾಗುತ್ತದೆ? ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದನ್ನ ಯಾರೂ ಹೇಳಿರಲಿಲ್ಲ" ಅಂದರು.

ಹೆಚ್ಚು ಸಮಯ ಕೊಟ್ಟಿದ್ದು ಅವಳ ಚಟುವಟಿಕೆಗಳ ಪಟ್ಟಿಗೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆಗೆ ಜಾಗ ಇದೆ. ಒಂದೊಂದರ ವಿವರಣೆಗೆ 150 ಅಕ್ಷರ. ಮೊದಲನೆಯದಾಗಿ ಅವಳು ಬರೆದಿದ್ದು 'ಸಂಸ್ಥಾಪಕ ಅಧ್ಯಕ್ಷೆ, ನಾಯಕತ್ವ ಕ್ಲಬ್'. ಏನು ಮಾಡಿದಿರಿ ಅಂತ ಕೇಳಿದರೆ ಎರಡು ಸಭೆ, ಒಂದು ಪೋಸ್ಟರ್. ದಿನಾ ಸಂಜೆ ಏನು ಮಾಡುತ್ತೀಯ ಅಂತ ಕೇಳಿದೆ. "ತಮ್ಮನಿಗೆ ಪಾಠ ಹೇಳ್ತೀನಿ, ಅಷ್ಟೇ."

ತಮ್ಮನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಶಾಲೆ ಕಳಿಸುವ ಪಾಠದ ವಿಡಿಯೋಗಳಿಗೆ ಇವಳೇ ಕೂತು ಸಬ್‌ಟೈಟಲ್ ಟೈಪ್ ಮಾಡುತ್ತಿದ್ದಳು. ಮಾತಿಗೂ ಅಕ್ಷರಕ್ಕೂ ಸಮಯ ಹೊಂದಿಸಿ ಹೊಂದಿಸಿ ಸಾಕಾಗಿ, ಅದನ್ನು ತಾನಾಗಿಯೇ ಹೊಂದಿಸುವ ಸಣ್ಣ ಪ್ರೋಗ್ರಾಂ ಬರೆದಳು. ಈಗ ತಮ್ಮನ ತರಗತಿಯ ಇನ್ನೂ ಕೆಲವು ಮಕ್ಕಳು ಅದನ್ನು ಬಳಸುತ್ತಾರೆ. ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನುವ ಹುಡುಗಿಯ ಅರ್ಜಿಯಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ! ಮನೆ ಕೆಲಸ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದಳು. ಕಾಮನ್ ಆ್ಯಪ್‌ನಲ್ಲಿ 'ಕುಟುಂಬದ ಜವಾಬ್ದಾರಿ' ಅನ್ನುವ ವಿಭಾಗವೇ ಇದೆ ಅಂತ ತೆಗೆದು ತೋರಿಸಿದೆ.

ಕ್ಲಬ್ಬಿನ ಸಾಲು ತೆಗೆದೆವು. ಆ ಜಾಗಕ್ಕೆ ಇದು ಬಂತು: 'ಕಿವಿ ಕೇಳದ ತಮ್ಮನ ಪಾಠದ ವಿಡಿಯೋಗಳಿಗೆ ಸಬ್‌ಟೈಟಲ್, ಸಮಯ ಹೊಂದಿಸುವ ಪ್ರೋಗ್ರಾಂ ಬರೆದೆ, ಅವನ ಸಹಪಾಠಿಗಳೂ ಬಳಸುತ್ತಾರೆ.' ಒಂದು ಎಚ್ಚರಿಕೆಯನ್ನೂ ಕೊಟ್ಟೆ. 650 ಪದದ ಪ್ರಬಂಧದಲ್ಲಿ ತಮ್ಮನನ್ನು ಕನಿಕರದ ವಸ್ತು ಮಾಡಬೇಡ. ಅವನ ಕಿವಿಯ ಕಥೆ ಹೇಳುವ ಹಕ್ಕು ಅವನದ್ದು. ನಿನ್ನ ಪ್ರೋಗ್ರಾಂ ಎಲ್ಲಿ ಕೈಕೊಟ್ಟಿತು, ಹೇಗೆ ಸರಿಮಾಡಿದೆ ಅನ್ನುವುದನ್ನು ಬರಿ. ಶಿಫಾರಸು ಪತ್ರವನ್ನೂ ದೊಡ್ಡ ಹುದ್ದೆಯವರಿಂದ ಬರೆಸುವುದು ಬೇಡ, ಆ ಪ್ರೋಗ್ರಾಂ ನೋಡಿದ ಗಣಿತದ ಮೇಷ್ಟ್ರನ್ನೇ ಕೇಳು ಅಂದೆ.

ಪಟ್ಟಿ ಹೊಸದಾಗಿ ಮಾಡಿದೆವು. ಕನಸಿನ ಹೆಸರು ನಾಲ್ಕು ಉಳಿದವು, ನಾಲ್ಕೂ ಹಣದ ಅಗತ್ಯ ನೋಡದವು. ಉಳಿದ ಜಾಗಕ್ಕೆ, ಹೊರದೇಶದವರಿಗೆ ಒಳ್ಳೆಯ ನೆರವು ಕೊಡುವ ಸಣ್ಣ ಕಾಲೇಜುಗಳು. ಜೊತೆಗೆ, ಸೀಟು ಬಹುತೇಕ ಖಚಿತವಾದ, ಖರ್ಚು ಕೈಗೆಟುಕುವ ಎರಡು ಕಡೆ, ಅದೂ ಸ್ವದೇಶದಲ್ಲೇ. ಅವೆರಡಕ್ಕೂ ನಾನು ಹಾಕಿದ ಷರತ್ತು ಒಂದೇ. ಅಲ್ಲಿ ನಾಲ್ಕು ವರ್ಷ ಖುಷಿಯಾಗಿ ಓದಬಲ್ಲೆಯಾ ಅಂತ ನೋಡಿಕೊಂಡು ಬಂದು ಹೇಳು. ಒಂದನ್ನು ಅವಳೇ ಬದಲಿಸಿದಳು.

ನವೆಂಬರ್ 1ರ ಅರ್ಲಿ ಸುತ್ತಿಗೆ, ಅಂದರೆ ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ಸುತ್ತಿಗೆ, ಒಂದೇ ಕಡೆ ಹಾಕಿಸಿದೆ, ಸಿಕ್ಕಿದರೂ ಸೇರಲೇಬೇಕೆಂಬ ಕಟ್ಟುಪಾಡು ಇಲ್ಲದ ಕಡೆ. ಅರ್ಲಿ ಸುತ್ತಿನಲ್ಲಿ ಶೇಕಡಾ ಜಾಸ್ತಿ ಕಾಣುತ್ತದೆ ನಿಜ. ಅದರಲ್ಲಿ ಕಾಲೇಜು ಮೊದಲೇ ಆರಿಸಿಕೊಂಡ ಕ್ರೀಡಾಪಟುಗಳೂ ಸೇರಿರುತ್ತಾರೆ ಅನ್ನುವುದನ್ನು ಮರೆಯಬಾರದು.

ಡಿಸೆಂಬರ್‌ನಲ್ಲಿ ಅಲ್ಲಿಂದ ಬಂದ ಉತ್ತರ 'ಡಿಫರ್', ಅಂದರೆ ಮುಂದಿನ ಸುತ್ತಿನಲ್ಲಿ ಮತ್ತೆ ನೋಡುತ್ತೇವೆ ಅಂತ. ಎರಡು ದಿನ ಅತ್ತಳು. ಅಳಲಿ ಬಿಡಿ, ಸಮಾಧಾನಕ್ಕೆ ಅಂತ ಅಂಕಿ ಹೇಳಬೇಡಿ ಅಂತ ತಂದೆಗೆ ತಿಳಿಸಿದೆ. ಮೂರನೇ ದಿನ ಉಳಿದ ಅರ್ಜಿಗಳ ಕೆಲಸಕ್ಕೆ ಕೂತಳು. ಆ ಕಾಲೇಜಿಗೆ ಒಂದು ಪುಟದ ಪತ್ರ ಕಳಿಸಿದೆವು. ಅದರಲ್ಲಿ ಹೊಗಳಿಕೆ ಇರಲಿಲ್ಲ. ಪ್ರೋಗ್ರಾಂಗೆ ಅವಳು ಹೊಸದಾಗಿ ಸೇರಿಸಿದ್ದೇನು, ಇನ್ನೂ ಅಲ್ಲಿಗೇ ಬರುವ ಆಸೆ ಏಕೆ, ಅಷ್ಟೇ ಇತ್ತು.

ಕೊನೆಗೆ ಎಲ್ಲಿ ಸೀಟು ಸಿಕ್ಕಿತು ಅನ್ನುವುದನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದುವ ಅಪ್ಪ ಅಮ್ಮಂದಿರು ಅದನ್ನೇ ತಮ್ಮ ಮಗುವಿನ ಚಾನ್ಸ್ ಅಂತ ಲೆಕ್ಕ ಹಾಕುತ್ತಾರೆ.